ಶಿವರತ್ನಮ್ಮನ ಕಣ್ಣು ಮತ್ತು ಇಬ್ಬರು ಗಂಡಸರ ಉಳಿತಾಯ

ಸೊಪ್ಪು ತಿನ್ನುವುದನ್ನು ಬಿಟ್ಟ ರೇಷ್ಮೆ ಹುಳು ತಲೆಯೆತ್ತಿ ಅತ್ತಿತ್ತ ಆಡಿಸತೊಡಗಿದರೆ ಅದು ಹಣ್ಣಾಯಿತೆಂದು ಅರ್ಥ. ಮೈಯ ಬಿಳುಪು ಕರಗಿ, ಒಳಗೆ ಸಣ್ಣ ದೀಪ ಇಟ್ಟ ಹಾಗೆ ತಿಳಿಹಳದಿಯಾಗುತ್ತದೆ. ಆಗ ಅದನ್ನು ಎತ್ತಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ಮೊದಲೇ ಬಿಟ್ಟರೆ ಗೂಡು ಕಟ್ಟದೆ ಅಲೆದಾಡಿ ಕೆಳಗೆ ಬೀಳುತ್ತದೆ. ತಡವಾದರೆ ನೂಲನ್ನೆಲ್ಲ ಸೊಪ್ಪಿನ ಮೇಲೆಯೇ ಚೆಲ್ಲಿ ಹಾಳುಮಾಡುತ್ತದೆ.

ಹನೂರು ತಾಲ್ಲೂಕಿನ ಶಾಗ್ಯದಿಂದ ಸ್ವಲ್ಪ ಆಚೆಗಿನ ಆ ಊರಿನಲ್ಲಿ ಹುಳು ಹಣ್ಣಾಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಜನ ಶಿವರತ್ನಮ್ಮನನ್ನು ಕರೆದು ಹೊಸಿಲಾಚೆಯಿಂದಲೇ ತೋರಿಸುತ್ತಿದ್ದರು. ಯಳಂದೂರಿನ ಕಡೆಯಿಂದ ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳನ್ನು ಹುಳುಮನೆಗೆ ಸೇರಿಸಿದ್ದಳು. ಅಂದಿನಿಂದ ಅವಳ ಕಣ್ಣು ತಪ್ಪಿರಲಿಲ್ಲ. ಕಳೆದ ಬೆಳೆಯಲ್ಲಿ ಮಾತ್ರ ಎಲ್ಲ ಹುಳುಗಳೂ ಹಣ್ಣಾದಂತೆಯೇ ಕಂಡವು. ಅವಳು ಸಂತೋಷದಿಂದ ಬುಟ್ಟಿ ಬುಟ್ಟಿ ಎತ್ತಿ ಬಿಟ್ಟಳು. ಮರುದಿನ ನೋಡಿದರೆ ಅರ್ಧಕ್ಕರ್ಧ ಹುಳು ನೆಲದ ಮೇಲೆ. ಹಳದಿ ಇದ್ದದ್ದು ಹುಳುವಿನಲ್ಲಲ್ಲ, ಅವಳ ಕಣ್ಣಿನಲ್ಲಿ. ಬಲಗಣ್ಣಿಗೆ ಪೊರೆ ಬಂದಿತ್ತು, ಎಡಗಣ್ಣೂ ಮಬ್ಬಾಗತೊಡಗಿತ್ತು.

ಪೊರೆ ತೆಗೆಸುವುದು ದೊಡ್ಡ ಮಾತಲ್ಲ. ಆದರೆ ಶಿವರತ್ನಮ್ಮನ ಮನೆಯಲ್ಲಿ ಇಬ್ಬರು ಗಂಡಸರಿದ್ದರು.

ಒಬ್ಬ ಗಂಡ ರುದ್ರಸ್ವಾಮಿ, ಆಳುವ ಪಕ್ಷದವನು. ಇನ್ನೊಬ್ಬ ಅವಳ ತಮ್ಮ ಶಿವಕುಮಾರಸ್ವಾಮಿ, ವಿರೋಧ ಪಕ್ಷದವನು. ತಾಯಿ ತೀರಿಕೊಂಡಾಗ ಎಳೆಯ ಮಗುವಾಗಿದ್ದ ತಮ್ಮನನ್ನು ಅವಳೇ ಸೊಂಟದ ಮೇಲೆ ಹೊತ್ತು ಸಾಕಿದ್ದಳು. ಕೊನೆಗೆ ತನ್ನ ಮಗಳು ನಾಗಶ್ರೀಯನ್ನು ಅವನಿಗೇ ಕೊಟ್ಟು ಪಕ್ಕದ ಮನೆಯಲ್ಲೇ ಸಂಸಾರ ಹೂಡಿಸಿದ್ದಳು. ಹೀಗಾಗಿ ರುದ್ರಸ್ವಾಮಿಗೆ ಎದುರು ಪಕ್ಷವೆಂದರೆ ಭಾಮೈದನೂ ಹೌದು, ಅಳಿಯನೂ ಹೌದು. ಜಗಳವಾಡಿ ಮಾತು ಬಿಡುವಂತಿರಲಿಲ್ಲ. ಜಗಳ ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ.

ಆ ವರ್ಷ ಸರ್ಕಾರ ಹಳೆಯ ಆರೋಗ್ಯ ಯೋಜನೆಗಳನ್ನೆಲ್ಲ ಒಂದಾಗಿಸಿ ಹೊಸ ಕಾರ್ಡು ತಂದಿತ್ತು. ಇದರಿಂದ ಸರ್ಕಾರಕ್ಕೂ ಉಳಿತಾಯ, ಪ್ರತಿ ಮನೆಗೆ ವರ್ಷಕ್ಕೆ ಇಪ್ಪತ್ತು ಸಾವಿರ ಉಳಿತಾಯ ಎಂದು ಗೋಡೆ ಗೋಡೆಗೂ ಬರೆಸಿದ್ದರು.

"ಇಪ್ಪತ್ತು ಸಾವಿರ ಉಳೀತದೆ ಕಣ್ಲಾ, ಓದಾಕ್ ಬತ್ತದಾ ನಿಂಗೆ?" ಎಂದು ರುದ್ರಸ್ವಾಮಿ ಜಗಲಿಯ ಮೇಲೆ ಕೂತು ಕೇಳುವನು.

"ಉಳಿದಿದ್ದು ಎಲ್ಲದೆ ಬಾವ? ತೋರ್ಸಿ. ಡಬ್ಬೀಲಿ ಮಡಗಿದ್ದೀರಾ?"

"ಕಾಯಿಲೆ ಬಿದ್ರೆ ಉಳೀತದೆ."

"ಅಂದ್ರೆ ಉಳಿತಾಯ ಆಗ್ಬೇಕು ಅಂದ್ರೆ ವರ್ಷ ವರ್ಷ ಕಾಯಿಲೆ ಬೀಳ್ಬೇಕು. ಒಳ್ಳೆ ಸರ್ಕಾರ!"

"ನಿಮ್ಮೋರ್ ಇದ್ದಾಗ ಆಸ್ಪತ್ರೇಲಿ ಹತ್ತಿ ಇರ್ನಿಲ್ಲ ಕಣ್ಲಾ, ಹತ್ತಿ!"

"ಈಗ ಹತ್ತಿ ಅದೆ, ಡಾಕ್ಟ್ರಿಲ್ಲ. ಉಳಿತಾಯ ಆಗದೇ ಅಲ್ಲಿ."

ಎದುರು ಮನೆಯ ಪುಟ್ಟಸಿದ್ದಯ್ಯ ಎಲೆಯಡಿಕೆ ಹಾಕಿಕೊಂಡು ಇದನ್ನು ಕೇಳಲೆಂದೇ ಬರುತ್ತಿದ್ದ. ಮಾತು ತಣ್ಣಗಾದರೆ, "ಅಲ್ಲ ಸ್ವಾಮಿ, ನಿಮ್ಮಳಿಯ ಯೋಳೋದ್ರಲ್ಲೂ ಒಂದೀಟು..." ಎಂದು ಊದಿ ಮತ್ತೆ ಹೊತ್ತಿಸುತ್ತಿದ್ದ.

ಒಳಗಿನಿಂದ ಶಿವರತ್ನಮ್ಮ ಕೂಗುವಳು: "ಅಯ್ಯೋ ನಿಮ್ ಬಾಯ್ಗೊಂದು ಪೊರೆ ಬರ್ಬಾರ್ದಾ! ನನ್ ಕಣ್ ಕಾಣ್ತಿಲ್ಲ ಕಣ್ರಿ. ಯಾವತ್ತು ಕರ್ಕಂಡೋದೀರಿ, ಅದ್ ಯೋಳಿ."

ರುದ್ರಸ್ವಾಮಿಯ ಬಳಿ ಉತ್ತರವಿತ್ತು. ಕಾರ್ಡು ಆಗಲೇ ಮನೆಗೆ ಬಂದಿದ್ದರೂ, ಹನೂರಿನಲ್ಲಿ ದೊಡ್ಡ ಸಭೆ ಮಾಡಿ ಮುಖಂಡರ ಕೈಯಿಂದ ಮತ್ತೊಮ್ಮೆ ಕೊಡಿಸುವುದಿತ್ತು. ಊರಿನ ಮೊದಲ ಫಲಾನುಭವಿಯಾಗಿ ತನ್ನ ಹೆಂಡತಿ ವೇದಿಕೆ ಹತ್ತಬೇಕು, ಆಮೇಲೆ ಆಸ್ಪತ್ರೆ. ಸಭೆ ಒಮ್ಮೆ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಹೋಯಿತು. ಅಷ್ಟರಲ್ಲಿ ಹೊಸ ಬೆಳೆಯ ಮರಿಹುಳುಗಳು ಮನೆಗೆ ಬಂದವು. ಶಿವರತ್ನಮ್ಮ ಸೊಪ್ಪು ಹೆಚ್ಚುವಾಗ ಕೈಬೆರಳನ್ನೂ ಕೊಯ್ದುಕೊಂಡಳು.

ಬೆರಳಿನ ಬಟ್ಟೆ ನೋಡಿ ತಮ್ಮನಿಗೆ ರೋಷ ಬಂತು. "ನಡಿಯಕ್ಕ, ನಾನ್ ಕರ್ಕಂಡೋಯ್ತೀನಿ" ಅಂದ. ಅವಳ ಎದೆ ತುಂಬಿ ಬಂತು. ಕೊಳ್ಳೇಗಾಲದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅವನ ಕೈ ಹಿಡಿದುಕೊಂಡೇ ಇದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಅವನು ಫೋನು ತೆಗೆದು, ವಿಡಿಯೊ ಹಚ್ಚಿ, ಷರ್ಟಿನ ಜೇಬಿನಲ್ಲಿ ಕ್ಯಾಮೆರಾ ಹೊರಗೆ ಕಾಣುವಂತೆ ನಿಲ್ಲಿಸಿದಾಗಲೇ ಅವಳಿಗೆ ವಿಷಯ ಗೊತ್ತಾದದ್ದು.

"ಇದ್ಯಾಕ್ಲಾ?"

"ನೀ ಸುಮ್ನಿರು. ಈ ಕಾರ್ಡು ನಡೆಯಲ್ಲ ಅಂತಾರೆ. ಅದ್ನ ಅಂಗೇ ಇಡಿಯದು. ಬಾವನ ಮೂತಿಗೆ ತೋರ್ಸದು."

"ಅಂದ್ರೆ ನನ್ನ ವಾಪಸ್ ಕಳಿಸ್ಲಿ ಅಂತ ಕರ್ಕಂಬಂದ್ಯಾ?"

"ಒಂದ್ಸಲ ಕಣಕ್ಕ. ಆಮೇಲೆ ಬೇರೆ ಕಡೆ ತೋರ್ಸನ."

ಕಾರ್ಡು ನಡೆಯಿತು. ಕೌಂಟರಿನ ಹುಡುಗಿ ಅದನ್ನು ನೋಡಿ, ಬೆರಳಚ್ಚು ಒತ್ತಿಸಿಕೊಂಡು, ಕಣ್ಣಿನ ಡಾಕ್ಟರ ಬಳಿ ಕಳಿಸಿದಳು. ಡಾಕ್ಟರು ದೀಪ ಹಾಕಿ ನೋಡಿದರು. ಮುಂದಿನ ಗುರುವಾರ ಬನ್ನಿ, ಮಾಡಿಬಿಡೋಣ ಎಂದರು. ಜೊತೆಗೆ ಬಂದವರಿಗೂ ಕೂರಲು ಕುರ್ಚಿ ಕೊಟ್ಟರು. ಶಿವಕುಮಾರಸ್ವಾಮಿ ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಮನೆಯಲ್ಲಿ ಸಾವಾದವನಂತೆ ಕೂತಿದ್ದ. ಅಕ್ಕ ಅವನ ಮುಖ ನೋಡಿದಳು. ಮಸುಕಾಗಿ ಕಂಡರೂ ಚೆನ್ನಾಗಿಯೇ ಕಂಡಿತು. ಕೈ ಹಿಡಿಯಲಿಲ್ಲ.

ಮನೆಯಲ್ಲಿ ರುದ್ರಸ್ವಾಮಿ ಕುಣಿದಾಡುವುದೊಂದು ಬಾಕಿ. "ಕಂಡ್ಯಾ ಅಳಿಯ? ಒಂದ್ ಪೈಸ ಕೇಳಿದ್ರಾ?"

"ಬಸ್ ಚಾರ್ಜು ಯಾರ್ ಕೊಟ್ರು? ಕಣ್ಗೆ ಹಾಕೋ ಔಸ್ತಿ ಹೊರ್ಗಡೆಯಿಂದ ತರ್ಬೇಕು. ಅದ್ಯಾವ ಉಳಿತಾಯದ ಲೆಕ್ಕ?"

"ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವೇನ್ಲಾ!"

"ನಾನ್ ಹೆಂಗ್ಸಾ?"

ಪುಟ್ಟಸಿದ್ದಯ್ಯ ನಕ್ಕು ನಕ್ಕು ಎಲೆಯಡಿಕೆ ನೆತ್ತಿಗೇರಿಸಿಕೊಂಡ.

ಅಲ್ಲಿಗಾದರೂ ಮುಗಿಯಬಹುದಿತ್ತು. ರಾತ್ರಿ ಊಟಕ್ಕೆ ಕೂತಾಗ ರುದ್ರಸ್ವಾಮಿ ಹೊಸ ಮಾತು ತೆಗೆದ. ಗುರುವಾರ ಬೇಡ, ಮುಂದಿನ ವಾರ ಇಟ್ಟುಕೊಂಡರೆ ಮುಖಂಡರೇ ಆಸ್ಪತ್ರೆಗೆ ಬರುತ್ತಾರೆ, ಕಣ್ಣಿನ ಪಟ್ಟಿ ಬಿಚ್ಚುವಾಗ ಫೋಟೊ ತೆಗೆಯುತ್ತಾರೆ, ಫೋನು ಮಾಡಿ ಕೇಳಿಯಾಗಿದೆ ಎಂದ. ಶಿವರತ್ನಮ್ಮ ಕೈಯಲ್ಲಿದ್ದ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟಳು. ಅವಳು ಏನೂ ಹೇಳದಿದ್ದದ್ದನ್ನು ಅವನು ಒಪ್ಪಿಗೆ ಎಂದುಕೊಂಡ.

ಬುಧವಾರ ಸಂಜೆ ಸೆಕೆ ಹೆಚ್ಚಾಗಿ ಹುಳುಗಳು ಒಂದು ದಿನ ಮೊದಲೇ ತಲೆಯೆತ್ತಲು ಶುರುಮಾಡಿದವು. ಹಣ್ಣಾಗುವ ಹೊತ್ತಿನಲ್ಲಿ ಹುಳುಮನೆಗೆ ಹೊರಗಿನವರು ಬರುವ ಹಾಗಿಲ್ಲ. ಕೂಲಿಗೂ ಯಾರನ್ನೂ ಕರೆಯರು. ಒಂದು ಮನೆಯ ಹುಳುವಿನ ರೋಗ ಇನ್ನೊಂದು ಮನೆಗೆ ಕಾಲಿನಲ್ಲೇ ಹೋಗುತ್ತದೆ. ಆರಿಸುವ ಕೆಲಸ ಅವಳದು ಮತ್ತು ನಾಗಶ್ರೀಯದು. ಗಂಡಸರು ಸೊಪ್ಪು ತಂದು ಬಾಗಿಲಲ್ಲಿ ಹಾಕಿದರೆ ಮುಗಿಯಿತು.

ಗುರುವಾರ ಬೆಳಿಗ್ಗೆ ಅವಳು ಸೀರೆ ಬದಲಿಸಿ, ಚೀಲ ಹಿಡಿದು ಹೊರಗೆ ಬಂದಳು. ಹಿಂದೆ ನಾಗಶ್ರೀ.

"ಎಲ್ಲಿಗೆ?" ಎಂದ ರುದ್ರಸ್ವಾಮಿ.

"ಆಸ್ಪತ್ರೆಗೆ."

"ಹುಳ ಹಣ್ಣಾಗ್ತಾವಲ್ಲೇ! ನಾನ್ ಮುಂದಿನ ವಾರ ಅಂತ ಯೋಳ್ಲಿಲ್ವಾ?"

"ಹುಳ ನಿಮ್ ಮುಖಂಡ್ರ ಕೇಳ್ಕಂಡ್ ಹಣ್ಣಾಗಲ್ಲ ಕಣ್ರಿ. ನನ್ ಕಣ್ಣೂ ಅಷ್ಟೇಯ. ಹೋದ್ ಬೆಳೇನ ಕಳ್ದದ್ದು ಈ ಕಣ್ಣೇ. ಇದ್ನಿಟ್ಕಂಡು ಇವತ್ತು ಆರ್ಸುದ್ರೂ ಹಾಳೇ. ನೀವ್ ಇಬ್ರೂ ಒಳಕ್ ಓಗಿ. ಕಾಲ್ ತೊಳ್ಕಂಡ್ ಓಗಿ."

"ನಾವಾ? ಹುಳ ಆರ್ಸದಾ?" ಎಂದ ತಮ್ಮ.

ನಾಗಶ್ರೀ ಗಂಡನನ್ನು ನೋಡಿ, "ಯಾಕ್ ಮಾವ, ಸರ್ಕಾರನೇ ಆರ್ಸೋರು ನೀವು, ಹುಳ ಆರ್ಸಕ್ ಬರಲ್ವಾ?" ಅಂದಳು.

ಶಿವರತ್ನಮ್ಮ ಬಸ್ಸಿನಲ್ಲಿ ಕೂತ ಮೇಲೆ ಸ್ವಲ್ಪ ಅತ್ತಳು. ಕಣ್ಣಿಗಾಗಿ ಅಲ್ಲ, ಹುಳುವಿಗಾಗಿ.

ಚಿಕಿತ್ಸೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಂದು ಅಲ್ಲೇ ಉಳಿದರು. ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಎದುರಿನ ಗೋಡೆ ಎಷ್ಟು ಬಿಳಿಯಾಗಿತ್ತೆಂದರೆ ಅವಳು ನರ್ಸನ್ನು, "ಈಗ ಸುಣ್ಣ ಹೊಡೆಸಿದ್ರಾ ತಾಯಿ?" ಎಂದು ಕೇಳಿದಳು. ಎಡಗಣ್ಣಿಗೂ ಮಾಡಿಸಬೇಕಾಗುತ್ತದೆ ಎಂದ ಡಾಕ್ಟರು ಅದಕ್ಕೊಂದು ದಿನವನ್ನೂ ಗೊತ್ತುಮಾಡಿ ಹೇಳಿದರು. ಧೂಳಿಗೆ ಹೋಗಬೇಡಿ, ಬಗ್ಗಬೇಡಿ, ಔಷಧಿ ತಪ್ಪಿಸಬೇಡಿ ಎಂದರು.

ಮಧ್ಯಾಹ್ನ ಕಪ್ಪು ಕನ್ನಡಕದಲ್ಲಿ ಮನೆಗೆ ಬಂದಳು. ಕಾಲು ತೊಳೆದು ಹುಳುಮನೆಯ ಹೊಸಿಲಲ್ಲಿ ನಿಂತು ಕನ್ನಡಕ ಸರಿಸಿದಳು. ಚಂದ್ರಿಕೆಗಳೆಲ್ಲ ತುಂಬಿದ್ದವು. ಎಡಗಡೆಯ ಸಾಲು, ಬಲಗಡೆಯ ಸಾಲು. ಎರಡರಲ್ಲೂ ಬಿದಿರಿನ ಮೇಲೆ ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದ ಬಿಳಿ ಬಿಳಿ ಹುಳುಗಳು. ಕೆಳಗೆ ಬಿದ್ದವು ಎಷ್ಟೋ. ಗೂಡು ಹಾಕಿದ್ದವು ನಡುನಡುವೆ ಅಷ್ಟಿಷ್ಟು.

"ಏನಿದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ತಮ್ಮ ಬಾಯಿ ಬಿಟ್ಟ. ಯಾವುದು ಹಣ್ಣು ಯಾವುದು ಕಾಯಿ ಎಂದು ಇಬ್ಬರಿಗೂ ಒಮ್ಮತವಾಗಲಿಲ್ಲವಂತೆ. ಅದಕ್ಕೇ ಹುಳುಮನೆಯನ್ನು ಎರಡು ಪಾಲು ಮಾಡಿಕೊಂಡರಂತೆ. ಆಮೇಲೆ ಯಾರ ಸಾಲು ಮೊದಲು ತುಂಬುತ್ತದೋ ನೋಡೋಣ ಎಂದಾಯಿತಂತೆ.

"ನನ್ದೇ ಮೊದ್ಲು ತುಂಬಿದ್ದು" ಎಂದ ರುದ್ರಸ್ವಾಮಿ, ಹೇಳಬಾರದಿತ್ತೆಂದು ಗೊತ್ತಿದ್ದೂ.

ಶಿವರತ್ನಮ್ಮನ ಬಾಯಿಗೆ ಬಂದದ್ದು ಬೈಗುಳ. ಆದರೆ ಕಣ್ಣು ಬೇರೆ ಕೆಲಸದಲ್ಲಿತ್ತು. ಮೂಲೆಯ ಚಂದ್ರಿಕೆಯ ಮೇಲಿನ ಒಂದು ಹುಳು, ಅದರ ಪಕ್ಕದ್ದು, ಅದರಾಚೆಯದು, ಒಂದೊಂದೂ ಬೇರೆಬೇರೆಯಾಗಿ ಕಾಣುತ್ತಿತ್ತು. ಯಾವುದು ಹಾಲಿನ ಬಿಳುಪು, ಯಾವುದಕ್ಕೆ ಕತ್ತಿನ ಹತ್ತಿರ ಈಗಷ್ಟೇ ಹಳದಿ ಬಂದಿದೆ ಎಂದು ಇಷ್ಟು ದೂರದಿಂದಲೇ ತಿಳಿಯುತ್ತಿತ್ತು. ಸಿಟ್ಟಿನ ನಡುವೆಯೇ ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ನಾಗಶ್ರೀ ಕುರ್ಚಿ ತಂದು ಹೊಸಿಲಾಚೆ ಹಾಕಿದಳು. ಶಿವರತ್ನಮ್ಮ ಕೂತಳು. "ಬಿಳೇವ್ನೆಲ್ಲ ಎತ್ತಿ ವಾಪಸ್ ಸೊಪ್ಗೆ ಬುಡಿ. ಒಂದೊಂದಾಗಿ. ಇಸುಕ್ಬೇಡಿ. ಅದಲ್ಲ ಕಣ್ರಿ, ಅದು ಹಣ್ಣಾಗದೆ, ಬುಡಿ ಅಲ್ಲೇ. ಲೇ ಶಿವಕುಮಾರ, ನಿನ್ ಎಡಗೈ ಪಕ್ಕ ಮೂರವೆ, ಬಿಳೇವು."

ಅರ್ಧ ಗಂಟೆ ಇಬ್ಬರೂ ಅವಳು ಬೆರಳು ತೋರಿದಲ್ಲಿಗೇ ಕೈ ಹಾಕಿದರು. ಸೊಪ್ಪಿಗೆ ಮರಳಿದ ಹುಳುಗಳು ತಿನ್ನತೊಡಗಿ, ಸಣ್ಣ ಮಳೆ ಬಿದ್ದಂಥ ಸದ್ದು ಕೋಣೆಯಲ್ಲಿ ತುಂಬಿತು. ರುದ್ರಸ್ವಾಮಿ ಬಗ್ಗಿದ್ದ ಬೆನ್ನು ನೆಟ್ಟಗೆ ಮಾಡಿಕೊಂಡು ಮೆಲ್ಲಗೆ ಕೇಳಿದ, "ಎಷ್ಟಾಯ್ತೆ ಆಸ್ಪತ್ರೇಲಿ? ಏನೂ ಕೇಳ್ನಿಲ್ಲ ತಾನೆ?"

"ಔಸ್ತಿ ದುಡ್ಡು ಯೋಳಕ್ಕ, ಅದ್ನೂ ಯೋಳು" ಎಂದ ತಮ್ಮ.

"ಇನ್ನೊಂದ್ ಕಣ್ಗೂ ಮಾಡ್ಸಬೇಕಂತೆ" ಎಂದಳು ಅವಳು.

ಇಬ್ಬರ ಕೈಗಳೂ ನಿಂತವು. "ಯಾವತ್ತು?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಗಂಡನ ಕಣ್ಣಲ್ಲಿ ಆಗಲೇ ಒಂದು ವೇದಿಕೆ ಎದ್ದಿತ್ತು. ತಮ್ಮನ ಕೈ ಆಗಲೇ ಜೇಬಿನ ಕಡೆ ಹೋಗಿತ್ತು.

ನಾಗಶ್ರೀ ಹೇಳಲು ಬಾಯಿ ತೆರೆದಳು. ಶಿವರತ್ನಮ್ಮ ಸೆರಗಿನ ಮರೆಯಿಂದ ಕೈ ಚಾಚಿ ಮಗಳ ತೊಡೆ ಚಿವುಟಿದಳು.

"ಡಾಕ್ಟ್ರು ದಿನ ಯೋಳ್ನಿಲ್ಲ ಕಣಪ್ಪ" ಎಂದಳು ನಾಗಶ್ರೀ.