ರೊಟ್ಟಿ ಪಂಪಾವತಿಯ ಎಚ್ಚರದ ಗುಳಿಗೆ

ಇನ್ನೂ ಬೆಳಕು ಹರಿದಿಲ್ಲ. ತೋರಣಗಲ್ಲಿನ ದಿಕ್ಕಿನಲ್ಲಿ ಕಾರ್ಖಾನೆಯ ದೀಪಗಳದ್ದೇ ಬೆಳಕು. ವಡ್ಡು ಗ್ರಾಮದ ತಗಡಿನ ಶೆಡ್ಡಿನಲ್ಲಿ ನಾಲ್ಕು ಕಟ್ಟಿಗೆ ಒಲೆಗಳು ಹೊತ್ತಿಕೊಂಡಿವೆ. ಮೂಲೆಯ ಒಲೆ ಪಂಪಾವತಿಯದು. ಒಲೆಯ ಮುಂದೆ ಕೂರುವ ಮೊದಲು ಆಕೆ ಬಾಗಿಲಲ್ಲಿ ಕುಳಿತ ಅತ್ತೆಯ ಮುಂದೆ ಅಂಗೈ ಚಾಚುತ್ತಾಳೆ. ಅತ್ತೆ ಜಂಬವ್ವ ಸೆರಗಿನ ಗಂಟು ಬಿಚ್ಚಿ, ಸಣ್ಣ ಡಬ್ಬಿಯಿಂದ ಒಂದು ಗುಳಿಗೆ ತೆಗೆದು ಕೊಡುತ್ತಾಳೆ. ಎಲ್ಲರೂ ನೋಡುತ್ತಿರುವಂತೆಯೇ ಪಂಪಾವತಿ ಅದನ್ನು ನುಂಗಿ ನೀರು ಕುಡಿದು, ಕುದಿಯುವ ಎಸರನ್ನು ಜೋಳದ ಹಿಟ್ಟಿಗೆ ಸುರಿಯುತ್ತಾಳೆ.

ಮೊದಲ ಶಿಫ್ಟಿನ ಬಸ್ಸು ಬರುವಷ್ಟರಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿ ಆಗಿರಬೇಕು. ನಾಲ್ವರು ಹೆಂಗಸರು ದಿನಕ್ಕೆ ಐನೂರಕ್ಕೆ ಕಡಿಮೆ ಇಲ್ಲದಂತೆ ರೊಟ್ಟಿ ಬಡಿಯುತ್ತಾರೆ. ಕಾರ್ಖಾನೆಯ ಗುತ್ತಿಗೆ ಕಾರ್ಮಿಕರ ಹೊಟ್ಟೆ ತುಂಬಿಸುವವರು ಇವರೇ. ತಿನ್ನುವವರಲ್ಲಿ ಯಾರಿಗೂ ಇವರ ಹೆಸರು ಗೊತ್ತಿಲ್ಲ, ಕೇಳುವ ಪುರಸೊತ್ತೂ ಇಲ್ಲ. ಪಂಪಾವತಿಯ ರೊಟ್ಟಿ ಮಾತ್ರ ಗುರುತು ಸಿಗುತ್ತದೆ, ಅಂಚು ಒಂದಿಷ್ಟೂ ಸೀಳಿರುವುದಿಲ್ಲ.

ಆಕೆಯ ಎಡಗೈ ಮೇಲೆ ಮೊಣಕೈವರೆಗೆ ಸುಟ್ಟ ಗಾಯದ ಕಲೆಯಿದೆ. ಅವಳ ಬಗ್ಗೆ ಬರೆಯಲು ಬಂದ ನಾನು ಕೇಳುವ ಮೊದಲೇ ಹೇಳುತ್ತಾಳೆ. "ಗುಳಿಗಿ ತಗಂಡಿದ್ದಕ್ಕ ಆಗಿದ್ದಲ್ರೀ ಇದು. ಬಿಟ್ಟಿದ್ದಕ್ಕ ಆಗಿದ್ದು."

ಮದುವೆಯಾಗಿ ಬಂದ ಹೊಸತರಿಂದಲೂ ಪಂಪಾವತಿಗೆ ಹಗಲಿನ ನಿದ್ದೆ. ಕಾಳು ಆರಿಸುತ್ತ, ಬಸ್ಸಿಗೆ ಕಾಯುತ್ತ, ಮಾತಾಡುತ್ತ ಕೂತಲ್ಲೇ ನಿದ್ದೆ. ರಾತ್ರಿ ಎಷ್ಟು ಮಲಗಿದರೂ ಅಷ್ಟೆ. ಓಣಿಯವರು ಮೈಗಳ್ಳಿ ಅಂದರು. ತೂಕಡಿಸುವವರಿಗೆ ಹಾಸಿಗೆ ಹಾಸಿಕೊಟ್ಟಂತೆ ಒಲೆಯ ಕಾವು ಬೇರೆ. ಕೊನೆಗೆ ಹೊಸಪೇಟೆಯ ನರರೋಗ ವೈದ್ಯೆ ಯಶೋಧರಾ ಪರೀಕ್ಷೆಗಳನ್ನು ಮಾಡಿಸಿ, ಇದು ಸೋಮಾರಿತನವಲ್ಲ, ನಾರ್ಕೊಲೆಪ್ಸಿ ಎಂಬ ಕಾಯಿಲೆ ಎಂದರು. ಮಿದುಳನ್ನು ಎಚ್ಚರವಾಗಿಡುವ ಉತ್ತೇಜಕ ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. "ಕಣ್ಣಿಗಿ ಕಟ್ಟಿದ್ ಬಟ್ಟಿ ಬಿಚ್ಚಿದಂಗಾತ್ರಿ" ಎನ್ನುತ್ತಾಳೆ ಪಂಪಾವತಿ. ಆ ವರ್ಷವೇ ಈ ಶೆಡ್ಡಿನ ರೊಟ್ಟಿ ಕೇಂದ್ರ ಸೇರಿದಳು. ಕೂಲಿಗಿಂತ ಹೆಚ್ಚಾಗಿ, ಜೀವನದಲ್ಲಿ ಮೊದಲ ಬಾರಿಗೆ ಒಂದು ಕೆಲಸವನ್ನು ಪೂರ್ತಿ ಮಾಡಿ ಮುಗಿಸಿದ ಖುಷಿ.

ಆದರೆ ಈಚಲು ಮರದ ಕೆಳಗೆ ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರೆ. ಔಷಧಿ ಅಂಗಡಿಯಲ್ಲಿ ಪ್ರತಿ ಸಲವೂ ವೈದ್ಯರ ಚೀಟಿ ಕೇಳುವುದನ್ನು ನೋಡಿದ ನೆಂಟರೊಬ್ಬರು, ಅದು ನಶೆ ಗುಳಿಗೆ ಎಂದು ಮನೆಗೆ ಬಂದು ಹೇಳಿದರು. ಮನೆಯಲ್ಲಿ ನಶೆಯ ಭಯ ಮೊದಲೇ ಇತ್ತು. ಪಂಪಾವತಿಯ ಗಂಡ ಹುಲಿಗೇಶ್ ಒಂದು ಕಾಲದಲ್ಲಿ ವಿಪರೀತ ಕುಡಿಯುತ್ತಿದ್ದವನು. ಜಂಬವ್ವ ಅವನನ್ನು ಊರಮ್ಮನ ಗುಡಿಗೆ ಎಳೆದೊಯ್ದು ಭಂಡಾರ ಮುಟ್ಟಿಸಿ ಆಣೆ ಹಾಕಿಸಿದ್ದಳು. ಪುಣ್ಯಕ್ಕೆ ಅವನು ಬಿಟ್ಟ. ಮಗನಿಗೆ ನಾಟಿದ ಮದ್ದು ಸೊಸೆಗೂ ನಾಟೀತೆಂದು ಅದೇ ಗುಡಿಗೆ ಸೊಸೆಯನ್ನೂ ಕರೆದೊಯ್ದಳು.

"ಇಲ್ಲ ಅನ್ನಾಕ ಬಾಯಿ ಬರ್ಲಿಲ್ರಿ. ದಿನಾ ಬೇಕಾಗ್ತದಲ್ಲ, ಇದು ಚಟಾನೇ ಇರಬೇಕು ಅಂತ ನನಗೂ ಅನಿಸಿತ್ತು" ಎನ್ನುತ್ತಾಳೆ ಪಂಪಾವತಿ. ಗುಳಿಗೆ ಮುಟ್ಟುವುದಿಲ್ಲವೆಂದು ಹಾಕಿದ ಆಣೆ ತಪ್ಪಲಿಲ್ಲ. ಅದೇ ವಾರ ರೊಟ್ಟಿ ತಿರುವುತ್ತಲೇ ನಿದ್ದೆ ಹೋಗಿ, ಕಾದ ಹಂಚಿನ ಮೇಲೆ ಕೈಯೂರಿ ಬಿದ್ದಳು. ಒಲೆ ಹೋಯಿತು, ಕೆಲಸ ಹೋಯಿತು.

ಡಾ. ಯಶೋಧರಾ ಜಂಬವ್ವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದು ಸರಳ ಪ್ರಶ್ನೆ. ಸೊಸೆ ಮಾತ್ರೆಗಾಗಿ ಹುಡುಕಾಡುತ್ತಿದ್ದಳೇ, ಮುಚ್ಚಿಡುತ್ತಿದ್ದಳೇ, ಜಗಳ ತೆಗೆಯುತ್ತಿದ್ದಳೇ? ಜಂಬವ್ವ ಅದನ್ನು ಈಗಲೂ ತಲೆ ತಗ್ಗಿಸಿಯೇ ಹೇಳುತ್ತಾಳೆ. "ಹುಡ್ಕೋದು ಎಲ್ಲಿ ಬಂತ್ರಿ, ದಿನಾ ಮರೀತಿದ್ಲು. ತಗಂಡಿಯೇನವ್ವ ಅಂತ ನೆಪ್ಪು ಮಾಡ್ತಿದ್ದಾಕಿ ನಾನೇ! ನನ್ನ ಮಗ ಕುಡಿಯಾಕ ಒಂದಿನಾನಾರ ಮರ್ತಿದ್ದೇನು? ಅಷ್ಟು ವರ್ಷ ಕುಡುಕನ ಸಾಕಿದಾಕಿ, ನನಗ ತಿಳೀಬೇಕಿತ್ತು." ಮರುದಿನ ಆಕೆ ಒಬ್ಬಳೇ ಗುಡಿಗೆ ಹೋದಳು. ಆಣೆ ಹಾಕಿಸಿದ್ದು ನಾನು, ಮುರಿದ ಪಾಪ ನನಗಿರಲಿ ಎಂದು ಕಾಯಿ ಒಡೆದು ಬಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಪಂಪಾವತಿ ಇನ್ನೊಂದನ್ನೂ ಬರೆದುಕೊಳ್ಳಿ ಎನ್ನುತ್ತಾಳೆ. ಕೈ ವಾಸಿಯಾಗಿ ಒಲೆ ಮರಳಿ ಸಿಕ್ಕ ಮೇಲೆ ಒಂದು ಮದುವೆಯ ದೊಡ್ಡ ಆರ್ಡರ್ ಬಂತು. "ಅವತ್ತು ನಿದ್ದಿ ಬಂದಿರ್ಲಿಲ್ರಿ. ಕೆಲ್ಸ ಇನ್ನೂ ಜಲ್ದಿ ಆಗ್ಲಿ ಅಂತ ಒಂದು ಹೆಚ್ಚಿಗಿ ನುಂಗಿದೆ. ಮಸ್ತ್ ಅನಿಸ್ತು. ಹಂಗ ಅನಿಸಿದ್ದಕ್ಕೇ ಭಾಳ ಅಂಜಿಕಿ ಆತು." ಮರುದಿನ ಅತ್ತೆಗೂ ವೈದ್ಯೆಗೂ ತಾನೇ ಹೇಳಿದಳು. ಡಬ್ಬಿಯನ್ನು ಅತ್ತೆಯ ಕೈಗಿಟ್ಟಳು.

ಅವಳ ಒಪ್ಪಿಗೆ ಪಡೆದೇ ಡಾ. ಯಶೋಧರಾ ನನ್ನೊಡನೆ ಮಾತಾಡಿದರು. "ದೇಹಕ್ಕೆ ಔಷಧಿ ಬೇಕಾಗುವುದು ಅವಲಂಬನೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬೇಡವೇ? ಹಾಳಾಗುತ್ತಿದ್ದೇನೆಂದು ಗೊತ್ತಿದ್ದೂ ಅದರ ಹಿಂದೆ ಓಡುವುದು ವ್ಯಸನ. ಆದರೆ ಇದು ದುರುಪಯೋಗವಾಗಬಲ್ಲ ಮಾತ್ರೆಯೂ ಹೌದು. ಅದಕ್ಕೇ ಚೀಟಿ, ಅದಕ್ಕೇ ಮತ್ತೆ ಮತ್ತೆ ತಪಾಸಣೆ. ಆಕೆ ಗೆರೆ ದಾಟಿ ಒಂದು ಹೆಜ್ಜೆ ಇಟ್ಟಳು, ತಾನೇ ಹಿಂದೆ ಬಂದಳು."

ಡಬಲ್ ಡ್ಯೂಟಿ ಮಾಡುವ ಹುಡುಗರು ಕೆಲವೊಮ್ಮೆ, ಅಕ್ಕಾ, ಒಂದು ಗುಳಿಗಿ ಕೊಡು ಎಂದು ಬರುತ್ತಾರಂತೆ. "ರೊಟ್ಟಿ ಕೇಳ್ರಲೇ, ಕೊಡ್ತೀನಿ. ಇದು ನನ್ನ ರೋಗಕ್ಕ ಬರ್ದಿದ್ದು ಅಂತ ಬೈದು ಕಳಿಸ್ತೀನ್ರಿ" ಎಂದು ನಗುತ್ತಾಳೆ.

ನಾನು ಹೋದ ದಿನ ಜಂಬವ್ವ ಮಗಳ ಬಾಣಂತನಕ್ಕೆ ಕಂಪ್ಲಿಗೆ ಹೊರಟಿದ್ದಾಳೆ. ಮೊದಲ ಬಸ್ಸಿನ ಬುತ್ತಿ ಕಳಿಸಿದ ಮೇಲೆ ಚೀಲ ಹಿಡಿದು ನಿಂತವಳು, ಸೆರಗಿನ ಗಂಟು ಬಿಚ್ಚಿ ಡಬ್ಬಿ ಚಾಚುತ್ತಾಳೆ. "ತಗಾ. ನಿನ್ನ ಹತ್ರನೇ ಇರ್ಲಿ."

ಪಂಪಾವತಿಯ ಕೈ ಮುಂದೆ ಬರುವುದಿಲ್ಲ. "ಬ್ಯಾಡ್ರಿ ಅತ್ತಿ. ನಿಮ್ಮ ಮಗನ ಹತ್ರ ಕೊಡ್ರಿ."

"ಅವಂಗ್ಯಾಕ? ಗುಳಿಗಿ ನಿಂದು" ಎಂದು ಜಂಬವ್ವ ಡಬ್ಬಿಯನ್ನು ಸೊಸೆಯ ಹಿಟ್ಟಿನ ಕೈಗೆ ಒತ್ತಿ, ತಿರುಗಿ ನೋಡದೆ ನಡೆಯುತ್ತಾಳೆ. ಪಂಪಾವತಿ ಎಲ್ಲರಿಗೂ ಕಾಣುವ ಹಲಗೆಯ ಮೇಲೆ ಉಪ್ಪಿನ ಡಬ್ಬಿಯ ಪಕ್ಕ ಅದನ್ನು ಇಡುತ್ತಾಳೆ.

ಮಧ್ಯಾಹ್ನದ ಶಿಫ್ಟಿನ ರೊಟ್ಟಿ ಶುರುವಾಗುತ್ತದೆ. ಸುಳ್ಳೇಕೆ, ನನ್ನ ಕಣ್ಣು ಆ ಡಬ್ಬಿಯ ಮೇಲೇ ಇದೆ. ಪಂಪಾವತಿಯ ಕಣ್ಣು ಹಂಚಿನ ಮೇಲಿದೆ. ಬಡಿಯುತ್ತಾಳೆ, ನೀರು ಸವರುತ್ತಾಳೆ, ತಿರುವುತ್ತಾಳೆ. ಕೊನೆಯ ಬುತ್ತಿ ಕಟ್ಟಿ ಒಲೆ ಆರಿಸಿ ಮುಖ ತೊಳೆಯುವ ಹೊತ್ತಿಗೆ ಮೊಬೈಲ್ ಬಡಿದುಕೊಳ್ಳುತ್ತದೆ. ಆಚೆ ಜಂಬವ್ವನ ದನಿ ಇಡೀ ಶೆಡ್ಡಿಗೆ ಕೇಳುತ್ತದೆ. "ಮಧ್ಯಾಹ್ನದ್ದು ತಗಂಡಿಯೇನವ್ವ?"

"ಅಯ್ಯ ಅತ್ತೀ!" ಪಂಪಾವತಿ ಹಣೆ ಬಡಿದುಕೊಳ್ಳುತ್ತಾಳೆ. ಹಲಗೆಯತ್ತ ನಡೆದು ಒಂದೇ ಒಂದು ಗುಳಿಗೆ ತೆಗೆದು ನುಂಗುತ್ತಾಳೆ. ಆಮೇಲೆ ನನ್ನ ಕಡೆ ತಿರುಗುವಾಗ ಕಣ್ಣು ಒದ್ದೆಯಾಗಿದೆ, ಮುಖದ ತುಂಬ ನಗು.

"ಬರ್ಕಳ್ರಿ ಇದನ್ನ. ಡಬ್ಬಿ ಕೈಯಾಗಿದ್ರೂ ಪಂಪಾವತಿ ಮರ್ತಿದ್ಲು ಅಂತ ಬರ್ಕಳ್ರಿ."