ಅತ್ತೆ ತಂದುಕೊಟ್ಟ ಸಂಗೀತೋತ್ಸವ

ಅತ್ತೆಯ ಮೊಬೈಲಿನ ವಿಡಿಯೊದಲ್ಲಿ ವೇದಿಕೆಯೇ ಇರಲಿಲ್ಲ. ಪರದೆ ತುಂಬ ಇದ್ದದ್ದು ವಿಭೂತಿ ಹಚ್ಚಿದ ಅವರದೇ ಮುಖ. ಹಿಂದೆ ಕಲಬುರಗಿಯ ಬಯಲಿನಲ್ಲಿ ಕಿಕ್ಕಿರಿದ ಜನ.

ಆ ದೊಡ್ಡ ಬಯಲು ಸಂಗೀತೋತ್ಸವಕ್ಕೆ ನಾನು ತಿಂಗಳಿಂದ ಕಾದಿದ್ದೆ. ಹೊರಡುವ ದಿನವೇ ಜೊತೆಯ ನರ್ಸ್‌ಗೆ ಜ್ವರ ಬಂದು, ಅಫಜಲಪುರದ ಆಸ್ಪತ್ರೆಯಲ್ಲಿ ಅವರ ಡ್ಯೂಟಿಯೂ ನನಗೇ ಬಿತ್ತು. ನನ್ನ ಬದಲು ಅತ್ತೆ ಹೋದರು. ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ರೆಕಾರ್ಡ್ ಮಾಡುವುದನ್ನು ಕಲಿಸುತ್ತ ನಮ್ಮಿಬ್ಬರ ಸೆಲ್ಫಿ ತೆಗೆದೆ. ಕ್ಯಾಮೆರಾವನ್ನು ಮತ್ತೆ ಹಿಂಬದಿಗೆ ತಿರುಗಿಸಿ ಕೊಡುವುದನ್ನು ಮಾತ್ರ ಮರೆತೆ. ಅತ್ತೆ ಪರದೆ ನೋಡಿಯೇ ಇಲ್ಲ. ಅವರ ಕಣ್ಣೆಲ್ಲ ವೇದಿಕೆಯ ಮೇಲೆ.

“ನಿನ್ನ ಸಲುವಾಗಿ ಕೈ ಇಳಿಸಿಲ್ಲ ನೋಡವ್ವ, ತೋಳು ಜೋಮು ಹಿಡದದ. ಎಲ್ಲಾ ಚಂದ ಬಂದದಿಲ್ಲೋ?” ಎಂದರು ಅತ್ತೆ, ಮರುದಿನ ಬೆಳಿಗ್ಗೆ ಮನೆಗೆ ಬಂದು.

ವಿಡಿಯೊದಲ್ಲಿ ಪ್ರತಿ ಹಾಡು ಶುರುವಾದಾಗಲೂ ಅವರು ಜಿಡಗಾ ಮಠದ ಭಜನೆಯಲ್ಲಿ ಕೂತವರಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ಮೆಲ್ಲಗೆ ದನಿಗೂಡಿಸುತ್ತಿದ್ದರು. ಮೊಬೈಲು ಅವರ ಬಾಯಿಗೇ ಹತ್ತಿರವಿದ್ದುದರಿಂದ ಗಾಯಕರಿಗಿಂತ ಅವರ ದನಿಯೇ ಜೋರಾಗಿ ಕೇಳುತ್ತಿತ್ತು. ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅತ್ತೆ ಹಾಡುತ್ತಾರೆಂಬುದು ನನಗೆ ಗೊತ್ತಿರಲಿಲ್ಲ.

“ಭಾಳ ಚಂದ ಬಂದದ್ರಿ ಅತ್ತಿ” ಎಂದೆ.

ಗೆಳತಿಯರು ಕಳಿಸಿದ್ದ ವೇದಿಕೆಯ ವಿಡಿಯೊಗಳನ್ನು ನನ್ನ ಮೊಬೈಲು ತುಂಬಿದಾಗ ಅಳಿಸಿದೆ. ಇದನ್ನು ಉಳಿಸಿಕೊಂಡಿದ್ದೇನೆ. ಉತ್ಸವ ತಪ್ಪಿಹೋದ ಬೇಸರವೂ ಹಾಗೇ ಉಳಿದಿದೆ. ಅತ್ತೆಯ ಪಕ್ಕದ ಕುರ್ಚಿಯಲ್ಲಿ ಅವತ್ತು ನಾನಿರಲಿಲ್ಲವಲ್ಲ.