ಮೂರು ತಾಸಿನ ಹಾದಿ

ದಿಬ್ರುಗಢದಿಂದ ನಾನು ಹೊರಟದ್ದು ಸೋಮವಾರ ಬೆಳಿಗ್ಗೆ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ನಿನ್ನ ಮುಖ ನೋಡಬೇಕೆನ್ನುತ್ತಾಳೆ ಎಂದು ಭಾವನ ತಂತಿ ಬಂದಿತ್ತು. ಅವ್ವ ಸತ್ತ ಮೇಲೆ ನನ್ನನ್ನು ಎತ್ತಿ ಬೆಳೆಸಿದವಳು ಅಕ್ಕ. ರೈಲಿಗೆ ಐದು ದಿನ ಬೇಕು. ಚಹಾ ಕಾರ್ಖಾನೆಯ ಎರಡು ತಿಂಗಳ ಪಗಾರ ಸುರಿದು ಹೈದರಾಬಾದಿಗೆ ವಿಮಾನದ ಟಿಕೆಟ್ ಕೊಂಡೆ. ‘ಸೋಮವಾರ ವಿಮಾನದಲ್ಲಿ ಹೊರಡುತ್ತೇನೆ’ ಎಂದು ತಂತಿ ಕೊಟ್ಟೆ. ನಮ್ಮ ಮನೆತನದಲ್ಲಿ ವಿಮಾನ ಹತ್ತಿದವರಲ್ಲಿ ನಾನೇ ಮೊದಲಿಗ. ಆ ಸಂಕಟದಲ್ಲೂ ಒಳಗೊಂದು ಹಮ್ಮಿತ್ತು, ಸುಳ್ಳೇಕೆ ಹೇಳಲಿ.

ಮಂಜು ಕವಿದು ಮಧ್ಯಾಹ್ನದವರೆಗೆ ವಿಮಾನ ನೆಲ ಬಿಡಲಿಲ್ಲ. ಗುವಾಹಾಟಿಯಲ್ಲಿ ಇಳಿದು ಏರಿ ಕಲ್ಕತ್ತಾ ಮುಟ್ಟುವಷ್ಟರಲ್ಲಿ ಹೈದರಾಬಾದಿನ ವಿಮಾನ ಹೋಗಿಬಿಟ್ಟಿತ್ತು. ಮುಂದಿನದು ಬುಧವಾರ ಮಧ್ಯಾಹ್ನ ಎಂದರು.

ಬೆಂಚಿನ ಮೇಲೆ ಪಕ್ಕದಲ್ಲಿದ್ದ ಬೀದರ ಕಡೆಯ ಸಿಪಾಯಿಯೊಬ್ಬರು ಎಲ್ಲ ಕೇಳಿಕೊಂಡು, “ಊರಿಗಿ ಇನ್ನೊಂದು ತಾರ್ ಕೊಡ್ರಿ, ಹಾದಿ ನೋಡ್ಲಾಕತ್ತಿರ್ತಾರ” ಎಂದರು.

“ತಾರ್ ಹಳ್ಳಿ ಮುಟ್ಟೂದ್ರಾಗ ನಾನೇ ಮುಟ್ಟತೇನ್ರಿ” ಎಂದೆ.

ಆತುರಗಾರನಿಗೆ ಬುದ್ಧಿ ಮಟ್ಟ. ಬ್ರೆಡ್ಡು, ಚಹಾದಲ್ಲಿ ಎರಡು ದಿನ ಕಳೆದೆ. ಬೇಕಾದಷ್ಟು ಹೊತ್ತಿತ್ತು, ತಂತಿ ಮಾತ್ರ ಕೊಡಲಿಲ್ಲ.

ಬುಧವಾರ ಸಂಜೆ ಹೈದರಾಬಾದು, ಅಲ್ಲಿಂದ ಗುಲಬರ್ಗಾಕ್ಕೆ ಬಸ್ಸಿನಲ್ಲಿ ಏಳು ತಾಸು, ಗುರುವಾರ ಬೆಳಿಗ್ಗೆ ಆಳಂದದ ಬಸ್ಸು. ಹಾದಿಯುದ್ದಕ್ಕೂ ಬಿಳಿಜೋಳ ಆಳೆತ್ತರ ನಿಂತಿತ್ತು. ಗಾಳಿ ತಣ್ಣಗಿತ್ತು.

ಭಾವ ಶಾಲೆಯ ಮಾಸ್ತರರು. ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನನ್ನನ್ನು ಕಂಡು ಎದ್ದು ಬಂದು, ಎರಡೂ ಕೈಯಿಂದ ತೋಳು ಮುಟ್ಟಿ ನೋಡಿದರು. ಅಕ್ಕ ಬುಧವಾರ ಬೆಳಿಗ್ಗೆ ತೀರಿಕೊಂಡಿದ್ದಳು. ಸಂಜೆಯೇ ಹೊಲದಲ್ಲಿ ಕೂರಿಸಿ ಮಣ್ಣು ಮಾಡಿದ್ದರು. ಕೊನೆಯ ಸೀರೆ ತವರಿನಿಂದ ನಾನು ತರಬೇಕಿತ್ತು. ಓಣಿಯವರು ಯಾರೋ ಕೊಟ್ಟದ್ದನ್ನು ಉಡಿಸಿದ್ದರು.

“ನಿನ್ನ ತಾರ್ ಬಂದ ದಿನ ಸಾಲಿ ನಕಾಶದ ಮ್ಯಾಲ ದಾರ ಹಿಡದು ಅಳದೆಪಾ. ಎರಡು ಸಾವಿರ ಕಿಲೋಮೀಟರ್. ಇಮಾನಕ್ಕ ಮೂರು ತಾಸು. ಬಸ್ಸು ಹಿಡದ್ರೂ ಸೋಮವಾರ ರಾತ್ರಿಗಿ ಬರ್ತಾನ ಅಂತ ಆಕಿಗಿ ಹೇಳ್ದೆ. ಎದ್ದು ಕುಂತು ಗಂಜಿ ಕುಡದ್ಲು.”

“ಆಮ್ಯಾಲ?”

“ಮಂಗಳವಾರ ಹೊತ್ತು ಮುಳುಗಿದ್ರೂ ನೀ ಬರಲಿಲ್ಲ. ಇಮಾನ ಬಿದ್ದದ, ತಮ್ಮ ಉಳದಿಲ್ಲ ಅಂದ್ಲು. ನಾ ಎಷ್ಟು ಹೇಳಿದ್ರೂ ಕೇಳಲಿಲ್ಲ. ಬಾಯಿಗಿ ನೀರು ಹಾಕಿದ್ರ ನುಂಗಲಿಲ್ಲ.”

ಭಾವನನ್ನು ಬೈಯಲು ನನಗೆ ಬಾಯಿರಲಿಲ್ಲ. ದಾರ ನೇರ ಹೋಗುತ್ತದೆ, ವಿಮಾನ ಹೋಗುವುದಿಲ್ಲ ಎಂಬುದು ಈ ಊರಿನಲ್ಲಿ ಯಾರಿಗೆ ಗೊತ್ತು? ಗೊತ್ತಿದ್ದವನು ನಾನೊಬ್ಬ, ನಾನು ತಿಳಿಸಲಿಲ್ಲ.

ಇಬ್ಬರೂ ಹೊಲಕ್ಕೆ ಹೋದೆವು. ಮಣ್ಣು ಇನ್ನೂ ಹಸಿಯಿತ್ತು. ಕಡೆಗೆ ಅಕ್ಕ ಏನಂದಳೆಂದು ಕೇಳಿದೆ.

“‘ನನ್ನ ಸಾವಿಗಿ ಕರಿಸಿ ಅವನ್ನ ನಾನೇ ಕೊಂದೆ’ ಅಂದ್ಲಪಾ. ಹಂಗ ಅನಕೋತನೇ ಹೋದ್ಲು.”